ಅದು ನಮಗೂ ಬೇಕ್ರಿ

ಅಡರಕಟ್ಟಿಯ ಗಾದಿ ಮಕ್ತುಮಸಾಬನ ಮುಖವನ್ನು ಸರ್ಕಾರ ಮರೆತರೂ ಮರೆತೀತು, ಅವನ ಹೆಬ್ಬೆಟ್ಟನ್ನು ಮಾತ್ರ ಮರೆಯುವಂತಿರಲಿಲ್ಲ. ರೇಷನ್ನಿಗೆ ಒತ್ತಿದ್ದ, ಗ್ಯಾಸಿಗೆ ಒತ್ತಿದ್ದ, ಹೊಲವೇ ಇಲ್ಲದಿದ್ದರೂ ಬೆಳೆವಿಮೆಗೆ ಒತ್ತಲು ಹೋಗಿ ಬೈಸಿಕೊಂಡು ಬಂದಿದ್ದ. ಒಮ್ಮೆ ಲಕ್ಷ್ಮೇಶ್ವರದಲ್ಲಿ ಮಂದಿ ಸಾಲು ಹಚ್ಚಿದ್ದನ್ನು ಕಂಡು ತಾನೂ ನಿಂತ. ಸರದಿ ಬಂದಾಗ ಒತ್ತಿದ. ಮನೆಗೆ ಬಂದು ಮಗಳ ಕೈಯಲ್ಲಿ ಚೀಟಿ ಓದಿಸಿದರೆ ಎಮ್ಮೆಯ ಕಾಲುಬಾಯಿ ಬೇನೆಯ ಲಸಿಕೆಗೆ ಹೆಸರು ಹಚ್ಚಿ ಬಂದಿದ್ದ. ಮನೆಯಲ್ಲಿ ಎಮ್ಮೆ ಇರಲಿಲ್ಲ. ಲಸಿಕೆಯವರು ಸೂಜಿ ಹಿಡಿದು ಬಾಗಿಲಿಗೆ ಬಂದಾಗ ಹೆಂಡತಿ ಗುಲಾಬಬಿ, "ಎಮ್ಮಿ ಒಳಗ ಮಲಗೇತ್ರಿ, ಹೋಗಿ ಚುಚ್ಚಿ ಬರ್ರಿ" ಎಂದು ಮಧ್ಯಾಹ್ನದ ನಿದ್ದೆಯಲ್ಲಿದ್ದ ಗಂಡನನ್ನೇ ತೋರಿಸಿಬಿಟ್ಟಳು.

ಇಷ್ಟಾದರೂ ಮಕ್ತುಮಸಾಬ ತನ್ನ ಸಿದ್ಧಾಂತ ಬಿಡಲಿಲ್ಲ. ಸರ್ಕಾರ ಕೊಡುವುದು ಏನೇ ಇರಲಿ, ಮೊದಲು ಒತ್ತಬೇಕು. ಅದು ಏನು ಅಂತ ಆಮೇಲೆ ವಿಚಾರಿಸಬೇಕು. ವಿಚಾರಿಸುತ್ತ ನಿಂತವರಿಗೆ ಈ ದೇಶದಲ್ಲಿ ಯಾವತ್ತು ಏನು ಸಿಕ್ಕಿದೆ? ಅರಳೆ ಹಿಂಜಿ ಗಾದಿ ಹೊಲಿಯುವ ಅವನ ಅಂಗಡಿಗೆ ಬಂದವರೆಲ್ಲ ಈ ಪ್ರಶ್ನೆ ಕೇಳಿಸಿಕೊಂಡೇ ಹೋಗಬೇಕಾಗಿತ್ತು.

ಈಗ ಅವನಿಗೆ ಒಂದು ದೊಡ್ಡ ಚಿಂತೆ ಅಂಟಿಕೊಂಡಿತ್ತು. ಮಗಳು ರುಹಿಯನ್ನು ಶಿರಹಟ್ಟಿಯ ಕಬ್ಬಿಣದ ಅಂಗಡಿ ಅಬ್ದುಲಗನಿಯವರ ಮಗ ಅಯ್ಯೂಬ ನೋಡಿ ಹೋಗಿದ್ದ. ಹುಡುಗನಿಗೆ ಹುಡುಗಿ ಸೇರಿದ್ದಳು. ಹುಡುಗಿಗೂ ಹುಡುಗ ಸೇರಿದ್ದ ಎಂಬುದನ್ನು ಆಕೆ ಅಂದಿನಿಂದ ಗುಡಿಸಿದ ಅಂಗಳವನ್ನೇ ಮತ್ತೆ ಗುಡಿಸುತ್ತ ಗುನುಗುತ್ತಿದ್ದುದರಿಂದ ತಾಯಿ ತಿಳಿದುಕೊಂಡಿದ್ದಳು. ಅಡ್ಡ ಬಂದವರು ಅಬ್ದುಲಗನಿ. ಶಿರಹಟ್ಟಿಯಲ್ಲಿ ಅವರ ಶಿಸ್ತು ಹೆಸರುವಾಸಿ. ಮನೆಯಲ್ಲಿ ಟೀವಿ ಇಲ್ಲ. ಮೊಬೈಲೆಂದರೆ ಶೈತಾನನ ಡಬ್ಬಿ ಅನ್ನುತ್ತ ತಮ್ಮದನ್ನು ಕರವಸ್ತ್ರದಲ್ಲಿ ಸುತ್ತಿ ಒಳಕಿಸೆಯಲ್ಲಿಟ್ಟುಕೊಳ್ಳುತ್ತಿದ್ದರು. ಅವರು ಹೋಗುವಾಗ ಹೊಸ್ತಿಲಲ್ಲಿ ನಿಂತು ಹೇಳಿದ ಮಾತು ಮಕ್ತುಮಸಾಬನ ಎದೆಯಲ್ಲಿ ಸೂಜಿಯ ಹಾಗೆ ಚುಚ್ಚಿಕೊಂಡಿತ್ತು.

"ಹುಡುಗಿ ಛಲೋ ಅದಾಳ್ರಿ. ಆದ್ರ ಬೀಗ ಆಗಾಂವಗ ಊರಾಗ ಏನರೆ ಹೆಸರ ಇರಬೇಕಲ್ಲ? ಹೆಸರಿಲ್ಲದ ಮನಿತನ ನಮಗ ಬ್ಯಾಡ. ಮುಂದಿನ ತಿಂಗಳ ಬರ್ತೇನಿ, ನಿಮ್ಮ ಊರ ಮಂದೀನ ಕೇಳತೇನಿ."

ಗಾದಿ ಹೊಲಿಯುವವನಿಗೆ ಊರಲ್ಲಿ ಏನು ಹೆಸರಿರಬೇಕು? ಮಂದಿ ರಾತ್ರಿಯಿಡೀ ಅವನು ಹೊಲಿದದ್ದರ ಮೇಲೆ ಮಲಗುತ್ತಾರೆ, ಮುಂಜಾನೆ ಎದ್ದು ಮರೆಯುತ್ತಾರೆ. ಹೇಗಾದರೂ ಮಾಡಿ ಒಂದು ತಿಂಗಳೊಳಗೆ ಹೆಸರು ಮಾಡಬೇಕೆಂದು ಮಕ್ತುಮಸಾಬ ನಿರ್ಧರಿಸಿದ. ಹೆಸರು ಬಂತು. ಬಂದ ದಾರಿಯೇ ಬೇರೆ.

ಅದೇ ದಿನಗಳಲ್ಲಿ ಸರ್ಕಾರ ಒಂದು ಯೋಜನೆ ಹಾಕಿಕೊಂಡಿತ್ತು. ಮಕ್ತುಮಸಾಬನಿಗೆ ಅದು ಗೊತ್ತಾಗುವುದು ತಡ ಇದೆ; ಓದುವವರು ಕತ್ತಲಲ್ಲಿ ಕೂರುವುದು ಬೇಡ, ಈಗಲೇ ಹೇಳಿಬಿಡುತ್ತೇನೆ. ಮೊಬೈಲಿನಲ್ಲಿ ಬರುವ ಹೊಲಸು ಚಿತ್ರಗಳನ್ನೆಲ್ಲ ಮೊದಲಿಂದಲೇ ಎಲ್ಲರಿಗೂ ಬಂದ್ ಮಾಡಿಬಿಡುವುದು. ಹದಿನೆಂಟು ತುಂಬಿದ ಯಾರಿಗಾದರೂ ಬೇಕೇ ಬೇಕು ಅನ್ನಿಸಿದರೆ, ಅವರು ಬಂದು ಮಷಿನಿನ ಮೇಲೆ ಹೆಬ್ಬೆಟ್ಟು ಒತ್ತಿ, 'ನಾನು ದೊಡ್ಡವನು, ನನಗೆ ಅದು ಬೇಕು' ಅಂತ ಒಪ್ಪಿಕೊಳ್ಳುವುದು. ಪರೀಕ್ಷೆಗೆಂದು ಜಿಲ್ಲೆಯ ಕೆಲವು ಕಡೆ ಮಷಿನ್ ಇಟ್ಟರು. ಲಕ್ಷ್ಮೇಶ್ವರದ ಮಷಿನ್ ಬಸ್‌ಸ್ಟ್ಯಾಂಡಿನ ಬಗಲಿಗೆ ಇಜಾಜ ನಡೆಸುತ್ತಿದ್ದ ಆನ್‌ಲೈನ್ ಸೆಂಟರಿನ ಪಾಲಿಗೆ ಬಂತು. ಊರ ಮಂದಿಯೆಲ್ಲ ನೋಡುವ ಬಸ್‌ಸ್ಟ್ಯಾಂಡಿನಲ್ಲಿ ನಿಂತು 'ನನಗೆ ಅದು ಬೇಕು' ಅಂತ ಯಾರು ಒತ್ತುತ್ತಾರೆ? ಮಷಿನ್ ಧೂಳು ತಿನ್ನುತ್ತ ಕೂತಿತ್ತು.

ದಾರದ ಉಂಡೆ ತರಲು ಲಕ್ಷ್ಮೇಶ್ವರಕ್ಕೆ ಹೋದ ಮಕ್ತುಮಸಾಬ ನೀರು ಕುಡಿಯಲೆಂದು ಇಜಾಜನ ಸೆಂಟರಿಗೆ ಹೊಕ್ಕ. ಕಣ್ಣು ನೇರ ಹೊಸ ಮಷಿನಿನ ಮೇಲೆ ಬಿತ್ತು.

"ಇಜಾಜ, ಇದೇನಪಾ ಹೊಸಾದು?"

ಇಜಾಜ ಒಮ್ಮೆ ಅವನನ್ನು ನೋಡಿದ, ಒಮ್ಮೆ ಜಾತಿ ಸರ್ಟಿಫಿಕೇಟಿಗೆ ಕಾಯುತ್ತ ಕೂತಿದ್ದ ಹೆಣ್ಣುಮಕ್ಕಳನ್ನು ನೋಡಿದ. "ಏನಿಲ್ಲ ಕಾಕಾ. ಸರ್ಕಾರದ್ದು. ನಿಮಗಲ್ಲ ಬಿಡ್ರಿ" ಅಂದ.

'ಸರ್ಕಾರದ್ದು' ಮತ್ತು 'ನಿಮಗಲ್ಲ' ಎಂಬೆರಡು ಮಾತುಗಳನ್ನು ಒಟ್ಟಿಗೆ ಕೇಳಿ ಸುಮ್ಮನಿರುವ ಮನುಷ್ಯನೇ ಅಲ್ಲ ಮಕ್ತುಮಸಾಬ. ಕುಡಿಯುತ್ತಿದ್ದ ನೀರಿನ ಚೆರಿಗೆಯನ್ನು ಕೆಳಗಿಟ್ಟ.

"ಯಾಕ ನನಗಲ್ಲ? ಮತ್ಯಾರಿಗೈತಿ?"

"ಹದಿನೆಂಟ ವರ್ಷ ತುಂಬಿದವ್ರಿಗೆ…"

"ನನಗ ಅದು ಎಂದೋ ತುಂಬಿ ಹೊರಗ ಚೆಲ್ಲಾಕತ್ತೈತಿ. ಏನ ಕೊಡ್ತಾರ ಹೇಳು."

"ಕೊಡೋದಲ್ರಿ ಕಾಕಾ, ಬಂದ ಮಾಡೋದು. ಇನ್ನ ಮುಂದ ಮೊಬೈಲನ್ಯಾಗ ಎಲ್ಲಾರಿಗೂ ಬಂದ. ಬೇಕಾದವ್ರು ಬಂದು ಒತ್ತಿದ್ರ ಅವರಿಗಷ್ಟ ಚಾಲೂ ಇರತೈತಿ."

"ಏನ ಬಂದ?"

ಇಜಾಜನ ಬಾಯಿ ಅಲ್ಲಿಗೆ ಕಟ್ಟಿತು. ಮಕ್ತುಮಸಾಬ ಅವನ ತಂದೆಯ ಗೆಳೆಯ. ಇಜಾಜ ಹುಟ್ಟಿದಾಗ ತೊಟ್ಟಿಲಿಗೆ ಗಾದಿ ಹೊಲಿದು ಕೊಟ್ಟ ಕೈ ಅದು. ಅಂಥ ಹಿರಿಯನ ಮುಂದೆ, ಅದೂ ಹೆಣ್ಣುಮಕ್ಕಳು ಕೂತಿರುವಾಗ, ಆ ಶಬ್ದ ಬಾಯಿಂದ ಹೇಗೆ ಹೊರಡಬೇಕು?

"ಅದ್ರೀ ಕಾಕಾ… ಅದು."

"ಯಾವುದೋ?"

"ಅದ…" ಎಂದು ಇಜಾಜ ಮೇಲೆ ತಿರುಗುತ್ತಿದ್ದ ಫ್ಯಾನು ನೋಡತೊಡಗಿದ.

ಮಕ್ತುಮಸಾಬನಿಗೆ ಕ್ಷಣದಲ್ಲಿ ಎಲ್ಲ ತಿಳಿದುಹೋಯಿತು. ಅಂದರೆ, ಎಲ್ಲ ತಪ್ಪು ತಿಳಿದುಹೋಯಿತು. ಹೇಳಲು ಇಷ್ಟು ಹಿಂದೆಮುಂದೆ ನೋಡುತ್ತಾನೆ ಅಂದರೆ ಭಾರೀ ಲಾಭದ್ದೇ ಇರಬೇಕು. ಒಳಗಿಂದೊಳಗೆ ತನ್ನವರಿಗೆಲ್ಲ ಹಂಚಿ, ಊರವರ ಕಣ್ಣಿಗೆ ಮಣ್ಣು ಹಾಕುವ ಹುನ್ನಾರ ಇದು! ಮುಂದೆ ಮಾತಾಡದೆ ಹೆಬ್ಬೆಟ್ಟನ್ನು ಅಂಗಿಗೆ ಒರೆಸಿ ಮಷಿನಿನ ಮೇಲೆ ಒತ್ತೇಬಿಟ್ಟ. ಮಷಿನಿನೊಳಗಿಂದ ಒಬ್ಬ ಹೆಣ್ಣುಮಗಳು ಇಡೀ ಸೆಂಟರಿಗೆ ಕೇಳುವಂತೆ ನಗುನಗುತ್ತ ಹೇಳಿದಳು: "ಅಭಿನಂದನೆಗಳು! ನಿಮ್ಮ ಸೇವೆ ಚಾಲೂ ಇದೆ."

"ಕೇಳಿದಿಲ್ಲೋ? ಇಷ್ಟ ವರ್ಷ ಒತ್ತೇನಿ, ಒಂದ ಮಷಿನ್ ಸುದ್ದಾ ನನಗ ಅಭಿನಂದನಾ ಹೇಳಿದ್ದಿಲ್ಲ!" ಮಕ್ತುಮಸಾಬನ ಕಣ್ಣು ತುಂಬಿ ಬಂದವು.

"ಕಾಕಾ, ಕೈ ಮುಗೀತೇನಿ, ಕಾಕಿಗೆ ಹೇಳಬ್ಯಾಡ್ರಿ."

"ಯಾಕ ಹೇಳಬಾರದು? ನಾಳೆ ಆಕೀನ್ನೂ ಕರಕೊಂಡ ಬರ್ತೇನಿ. ಇಡೀ ಊರನ್ನ ಕರಕೊಂಡ ಬರ್ತೇನಿ, ನೋಡ್ತಿರು!"

ದಾರದ ಉಂಡೆ ಮರೆತು ಮಕ್ತುಮಸಾಬ ಬಸ್ಸು ಹತ್ತಿದ. ಹೆಸರು ಮಾಡುವ ದಾರಿ ಸಿಕ್ಕಿತ್ತು.

ಅಡರಕಟ್ಟಿಯಲ್ಲಿ ಸುದ್ದಿ ಹಬ್ಬಿಸಲು ಉಡಚಪ್ಪನ ಚಹಾದಂಗಡಿಗಿಂತ ಒಳ್ಳೆಯ ಜಾಗವಿಲ್ಲ. ಉಡಚಪ್ಪ ಮಕ್ತುಮಸಾಬನ ಬಾಲ್ಯದ ಗೆಳೆಯ, ಆದ್ದರಿಂದ ಅವನ ಮಾತನ್ನು ಯಾವತ್ತೂ ನಂಬುತ್ತಿರಲಿಲ್ಲ.

"ಏನ ಬಂದ ಮಾಡ್ತಾರಲೇ ಮಕ್ತುಮ?"

"ಅದನ್ನ ಮುಚ್ಚಿ ಇಟ್ಟಾರಲೇ! ಇಜಾಜನ ಬಾಯಿಂದ ಹೊರಡವಲ್ದು. ಕೇಳಿದ್ರ ಫ್ಯಾನ್ ನೋಡ್ತಾನ."

"ಫ್ಯಾನ್ ನೋಡಿದ್ನಾ? ಹಂಗಾರ ಕರೆಂಟ್ ಬಿಲ್ಲಿಂದ ಇರಬೇಕು" ಎಂದು ಉಡಚಪ್ಪ ಸಾಸರಿಗೆ ಚಹಾ ಸುರಿದ.

"ಕರೆಂಟಿಂದಲ್ಲೋ, ಆಡಿನ ಸಾಲದ್ದು" ಎಂದ ಆಡು ಕಾಯುವ ಬುಡ್ಡೇಸಾಬ. ಮೂಲೆಯಲ್ಲಿ ಕೂತು ಎಲೆ ಮೆಲ್ಲುತ್ತಿದ್ದ ಮುದುಕಿ ದೇವವ್ವಳಿಗೆ ಕಿವಿ ಮಂದ. ಆದರೆ 'ಬಂದ್' ಎಂಬ ಒಂದು ಶಬ್ದ ಆಕೆಗೆ ಎಷ್ಟು ದೂರದಿಂದಲೂ ಕೇಳುತ್ತಿತ್ತು, ಯಾಕೆಂದರೆ ಸರ್ಕಾರ ಕೊಡುವ ಆಕೆಯ ಮುಪ್ಪಿನ ಪಗಾರ ಹಿಂದೊಮ್ಮೆ ಹಾಗೆಯೇ ಬಂದ್ ಆಗಿತ್ತು.

"ಯಾರದ ಬಂದ? ನಂದೂ ಬಂದ ಮಾಡ್ತಾರನೋ ಮಕ್ತುಮ?"

"ಒತ್ತಲಿಲ್ಲ ಅಂದ್ರ ನಿಂದೂ ಬಂದ ಆಯಿ!" ಎಂದು ಮಕ್ತುಮಸಾಬ ಬೆಂಚಿನ ಮೇಲೆ ಹತ್ತಿ ನಿಂತ. "ಏನ ಬಂದ ಮಾಡ್ತಾರ ಅನ್ನೋದ ಮುಖ್ಯ ಅಲ್ಲ. ನಮ್ಮದ್ಯಾಕ ಬಂದ ಮಾಡಬೇಕು ಅನ್ನೋದ ಮುಖ್ಯ! ಪ್ಯಾಟಿ ಮಂದಿಗೆ ಚಾಲೂ, ಅಡರಕಟ್ಟಿ ಮಂದಿಗೆ ಬಂದೇನು? ನಾವೇನ ಮನಷ್ಯಾರಲ್ಲೇನು? ಅದು ನಮಗೂ ಬೇಕು!"

"ಬೇಕು!" ಎಂದಿತು ಚಹಾದಂಗಡಿ. ಇಂಥ ಮಾತಿಗೆ 'ಬೇಡ' ಅನ್ನುವ ಊರು ಜಿಲ್ಲೆಯಲ್ಲಿ ಯಾವುದೂ ಇಲ್ಲ.

ಮನೆಯಲ್ಲಿ ರುಹಿ ಮಾತ್ರ, "ಅಪ್ಪಾ, ಏನು ಎತ್ತ ಅಂತ ಸರಿಯಾಗಿ ಕೇಳಬೇಕಿತ್ತಲ್ಲ?" ಅಂದಳು.

"ಕೇಳಿದ್ನೆವಾ. ಅದು ಅಂದ."

"ಅದು ಅಂದ್ರ?"

"ಅದು ಅಂದ್ರ ಅದು! ನಿಮ್ಮ ಮಾವ ಬಂದಾಗ ಊರ ಮಂದಿ 'ಮಕ್ತುಮಸಾಬ ಇದ್ದನಂತ ನಮಗ ಅದು ಸಿಕ್ತು' ಅಂತ ಹೇಳಬೇಕು. ನಿನ್ನ ಲಗ್ನ ಆದಂಗ ತಿಳಿ."

ಲಗ್ನದ ಮಾತು ಬಂದದ್ದರಿಂದ ರುಹಿ ನಾಚಿ ಒಳಗೆ ಹೋದಳು. ಆಕೆ ಇನ್ನೊಂದು ಪ್ರಶ್ನೆ ಕೇಳಿದ್ದರೆ ಈ ಕಥೆ ಇಲ್ಲಿಗೇ ಮುಗಿಯುತ್ತಿತ್ತು.

ಮರುದಿನ ಸೋಯಾ ಹೊರುವ ಟೆಂಪೋದಲ್ಲಿ ಅಡರಕಟ್ಟಿಯೇ ಇಳಿದುಬಂದಂತೆ ಮಂದಿ ಬಸ್‌ಸ್ಟ್ಯಾಂಡಿನಲ್ಲಿ ಇಳಿದರು. ಮುಂದೆ ಇಸ್ತ್ರಿ ಅಂಗಿಯ ಮಕ್ತುಮಸಾಬ, ಹಿಂದೆ ಬುರ್ಖಾದಲ್ಲಿ ಗುಲಾಬಬಿ, ಅವಳ ಹೆಗಲು ಹಿಡಿದು ದೇವವ್ವ, ಅವರ ಬೆನ್ನಿಗೆ ಊರು. ಇಜಾಜ ಕುರ್ಚಿಯಿಂದ ಎದ್ದವನು ಮತ್ತೆ ಕೂತ.

"ಇವರೆಲ್ಲಾ ಯಾಕ ಕಾಕಾ?"

"ಎಲ್ಲಾರಿಗೂ ಅದು ಬೇಕು. ಹಚ್ಚು ಮಷಿನ್."

"ಎಲ್ಲಾರಿಗೂ? ಕಾಕಿಗೂ?"

"ಅವರಿಗಿದ್ರ ನನಗೂ ಇರಬೇಕಪಾ," ಎಂದಳು ಗುಲಾಬಬಿ. "ನನ್ನ ಮೊಬೈಲ್ ಅವರದರಕಿಂತ ದೊಡ್ಡದೈತಿ."

ಇಜಾಜ ಬೆವತು ಹೋದ. ಕೊನೆಗೆ ಧೈರ್ಯ ಮಾಡಿ ಮಕ್ತುಮಸಾಬನ ತೋಳು ಹಿಡಿದು ಮೂಲೆಗೆ ಎಳೆದು, "ಕಾಕಾ, ಕಿವಿ ಇತ್ತಾಗ ಕೊಡ್ರಿ, ಒಂದ ಮಾತ ಹೇಳತೇನಿ" ಎಂದು ಪಿಸುಗುಟ್ಟಿದ. ಮೂಲೆಗೆ ಕರೆದು ಕಿವಿಯಲ್ಲಿ ಹೇಳುವುದು ಅಂದರೆ ಏನು ಅಂತ ಮಕ್ತುಮಸಾಬನಿಗೆ ಗೊತ್ತಿಲ್ಲವೇ? ಕಚೇರಿಗಳ ಮುಂದೆ ಸಾಲು ನಿಂತೇ ಕೂದಲು ಬೆಳ್ಳಗಾದದ್ದು. ಇದು ಲಂಚದ ಮಾತು!

"ಕಿವ್ಯಾಗ ಹೇಳೋ ವ್ಯವಹಾರ ನನ್ನ ಹಂತೇಕ ನಡಿಯಂಗಿಲ್ಲ!" ಎಂದು ಕೈ ಕೊಡವಿಕೊಂಡು ಚೀರಿದ. "ಏನ ಹೇಳೋದೈತಿ, ಎಲ್ಲಾರ ಮುಂದ ಹೇಳು. ಅಂಜೂ ಕೆಲಸ ನಾವೇನ ಮಾಡಾಕತ್ತಿಲ್ಲ."

ಊರು ಗುಂಪುಗೂಡಿ ಇಜಾಜನ ಬಾಯಿಯನ್ನೇ ನೋಡುತ್ತ ನಿಂತಿತು. ಮುಂದಿನ ಸಾಲಿನಲ್ಲಿ ಗುಲಾಬಬಿ ಕಾಕಿ, ಉಡಚಪ್ಪನ ಹೆಂಡತಿ ಹನಮಂತವ್ವ, ಕಿವಿಗೆ ಕೈ ಹಚ್ಚಿಕೊಂಡ ದೇವವ್ವ. ಇಜಾಜನ ಮುಖ ಮೊದಲು ಕೆಂಪಾಯಿತು, ಆಮೇಲೆ ಬಿಳಿಚಿತು.

"ಏನಿಲ್ರಿ. ಒತ್ರಿ" ಅಂದ.

ಊರು ಒತ್ತಿತು. ಒಬ್ಬೊಬ್ಬರು ಒತ್ತಿದಾಗಲೂ ಮಷಿನಿನ ಹೆಣ್ಣುಮಗಳು ಅಭಿನಂದನೆ ಹೇಳಿದಳು, ಪ್ರತಿ ಅಭಿನಂದನೆಗೂ ಹೊರಗೆ ಚಪ್ಪಾಳೆ ಬಿತ್ತು. ದೇವವ್ವಳ ಸರದಿ ಬಂದಾಗ ಮಷಿನ್ ಸುಮ್ಮನಾಯಿತು. ಕಳೆ ಕಿತ್ತು ಕಿತ್ತು ಆಕೆಯ ಹೆಬ್ಬೆಟ್ಟಿನ ಗೆರೆಗಳೆಲ್ಲ ಸವೆದುಹೋಗಿದ್ದವು.

"ಹತ್ತವಲ್ದು ಆಯಿ, ಬಿಟ್ಟಬಿಡು. ಈ ವಯಸ್ಸಿನ್ಯಾಗ ನಿನಗ್ಯಾಕ?" ಎಂದು ಇಜಾಜ ಬೇಡಿಕೊಂಡ.

"ಯಾಕ ಅಂದ್ರ? ಜೀವ ಇರೂತನಾ ನನಗೂ ಬೇಕಪಾ. ಇಷ್ಟ ವರ್ಷ ದುಡಿಯೋದರಾಗ ಹೋತು, ಏನೂ ಕಾಣಲಿಲ್ಲ. ಹೋಗೋ ಮೊದಲು ಒಮ್ಮೆ ಕಣ್ತುಂಬ ನೋಡೇ ಹೋಗತೇನಿ."

ಇಜಾಜ ಮೇಜಿಗೆ ತಲೆ ಹಚ್ಚಿದ. ಯಾರೋ ಎಣ್ಣೆ ತಂದರು, ಯಾರೋ ಹೆಬ್ಬೆಟ್ಟು ತಿಕ್ಕಿದರು, ಬಲಗೈ ಆಗಲಿಲ್ಲ ಎಂದು ಎಡಗೈ ಒತ್ತಿಸಿದರು. ಕೊನೆಗೆ ಅದು ಹೇಗೋ ಹತ್ತಿ, "ಅಭಿನಂದನೆಗಳು!" ಎಂದಾಗ ಬಸ್‌ಸ್ಟ್ಯಾಂಡಿನಲ್ಲಿದ್ದ ಡ್ರೈವರ್ ಕಂಡಕ್ಟರುಗಳೂ ಶಿಳ್ಳೆ ಹಾಕಿದರು. ದೇವವ್ವ ತನ್ನ ಬಟನ್ ಮೊಬೈಲನ್ನು ಹಣೆಗೆ ಒತ್ತಿಕೊಂಡಳು.

ಸ್ವಲ್ಪ ದಿನಕ್ಕೆ ಗದಗಿನ ಜಿಲ್ಲಾ ಕಚೇರಿಯಿಂದ ಮಕ್ತುಮಸಾಬನಿಗೆ ಫೋನು ಬಂತು. "ನಿಮ್ಮ ಊರು ಇಡೀ ಜಿಲ್ಲೆಗೆ ಮೊದಲು ಬಂದಿದೆ. ನಮ್ಮ ಮಾಯಾ ಮೇಡಂ ಖುದ್ದಾಗಿ ನೋಡಲು ಬರುತ್ತಿದ್ದಾರೆ" ಎಂದಿತು ಆ ಕಡೆಯ ದನಿ. ದನಿ ಸ್ವಲ್ಪ ಬಿಗಿಯಾಗಿತ್ತು. ಆದರೆ 'ಮೊದಲು' ಎಂಬ ಮಾತು ಕಿವಿಗೆ ಬಿದ್ದ ಮೇಲೆ ದನಿ ಯಾರಿಗೆ ಬೇಕು? ಮಕ್ತುಮಸಾಬ ಕೂಡಲೇ ಶಿರಹಟ್ಟಿಗೆ ಫೋನು ಹಚ್ಚಿ, "ಬೀಗರ, ಅದೇ ದಿನ ಬರ್ರಿ. ನನ್ನ ಹೆಸರು ನೀವ ಕಿವಿಯಾರ ಕೇಳೀರಂತ" ಎಂದ.

ಶಾಲೆಯ ಮುಂದೆ ಪೆಂಡಾಲ ಎದ್ದಿತು. ಮೈಕ್ ಬಂತು. ವೇದಿಕೆಯ ಮೇಲೆ ಹೊಸ ಗಾದಿ ಹಾಸಿ, ಅದರ ಮೇಲೆ ಮೇಡಂ ಅವರಿಗೊಂದು, ಬೀಗರಿಗೊಂದು, ಹಿರಿಯಳೆಂದು ದೇವವ್ವಗೊಂದು ಕುರ್ಚಿ ಇಟ್ಟಿದ್ದರು. ಅಬ್ದುಲಗನಿ ಬಿಳಿ ಟೋಪಿ ಹಾಕಿಕೊಂಡು ಗಂಭೀರವಾಗಿ ಕೂತರು. ಮಾಯಾ ಮೇಡಂ ತಮ್ಮ ಜೊತೆ ಒಂದು ಮಷಿನ್ ತಂದಿದ್ದರು. ಕೊರಳಿಗೆ ಹಾರ ಬಿದ್ದಾಗ ಅವರ ಮುಖ ನೋಡುವಂತಿತ್ತು. ಹೆಣ್ಣುಮಕ್ಕಳ ನಡುವೆ ರುಹಿ ಹೊಸ ಓಢಣಿ ಹೊದ್ದು ನಿಂತಿದ್ದಳು. ದೇವವ್ವ ಕೂತಲ್ಲೇ ತೂಕಡಿಸುತ್ತಿದ್ದಳು.

ಮಕ್ತುಮಸಾಬ ಮೈಕ್ ಹಿಡಿದ.

"ಮೇಡಂ ಅವರ, ಮಂದಿ ಅಂತಾರ, ಅಡರಕಟ್ಟಿ ಹಿಂದುಳಿದೈತಿ ಅಂತ. ಇವತ್ತ ನೋಡ್ರಿ! ಮುದುಕ್ರು, ಮುದುಕೇರು, ಗಂಡಸ್ರು, ಹೆಂಗಸ್ರು, ಒಬ್ಬರೂ ಉಳೀಲಾರದಂಗ ನಮಗೆಲ್ಲಾರಿಗೂ ಅದು ಬೇಕ್ರಿ! ಅದು ಒಂದ ದಿನ ಇಲ್ಲಾಂದ್ರೂ ನಮಗ ನಡಿಯಂಗಿಲ್ರಿ! ಮನಿಮಂದೆಲ್ಲಾ ಕೂಡಿ ಕುಂತು ನೋಡ್ತೇವಿ, ಹಂಚಿಕೊಂಡ ನೋಡ್ತೇವಿ, ನಮ್ಮಾಗ ಭೇದ ಇಲ್ಲ!"

ಚಪ್ಪಾಳೆ ಮುಗಿಲಿಗೆ ಮುಟ್ಟಿತು. ಅಬ್ದುಲಗನಿ ಮೆಚ್ಚಿ ತಲೆದೂಗಿದರು. ಮಾಯಾ ಮೇಡಂ ಎದ್ದು ನಿಂತು ಮೈಕ್ ತೆಗೆದುಕೊಂಡರು.

"ನಿಮಗೆಲ್ಲ ಇದು ಏನು ಅಂತ ಗೊತ್ತಿದೆಯಾ? ಇದು ಮೊಬೈಲಿನಲ್ಲಿ ಬರುವ ಅಶ್ಲೀಲ ದೃಶ್ಯಾವಳಿ."

ಊರು ಮತ್ತೊಮ್ಮೆ ಜೋರಾಗಿ ಚಪ್ಪಾಳೆ ತಟ್ಟಿತು. ಸಾಹೇಬರು ದೊಡ್ಡ ಕನ್ನಡ ಮಾತಾಡಿದಾಗ ತಟ್ಟುವುದು ರೂಢಿ. ಮೇಡಂ ಹಣೆ ಒತ್ತಿಕೊಂಡರು. ಅವರು ಗದಗಿನ ಹೆಣ್ಣುಮಗಳು. ಕಚೇರಿಯ ಕನ್ನಡ ಬಿಟ್ಟು ಮನೆಯ ಕನ್ನಡಕ್ಕೆ ಇಳಿದರು.

"ಅಲ್ರೀ ಯಪ್ಪಾ, ಮೈಮ್ಯಾಲೆ ಅರಿವಿ ಇಲ್ಲದ ಸಿನಿಮಾ ಅದು! ಗಂಡಸ್ರು ಹೆಂಗಸ್ರು ಮಾಡಬಾರದ್ದ ಮಾಡೋದು. ಅದು ನಮಗ ಬೇಕು ಅಂತ ನೀವೆಲ್ಲಾ ಒತ್ತೀರಿ!"

ಆ ಮಾತು ಮೈಕಿನಲ್ಲಿ ಹೊರಟು, ಪೆಂಡಾಲ ದಾಟಿ, ಶೇಂಗಾ ಹೊಲದಲ್ಲಿ ಬಗ್ಗಿದ್ದವರ ತನಕ ಹೋಯಿತು. ಬಗ್ಗಿದ್ದವರು ಎದ್ದು ನಿಂತರು. ಹನಮಂತವ್ವ ಸೆರಗನ್ನು ಮುಖದ ಮೇಲೆ ಎಳೆದುಕೊಂಡಳು. ಬುಡ್ಡೇಸಾಬ ಮೆಲ್ಲಗೆ ಬೆಂಚಿನ ಕೆಳಗೆ ಚಪ್ಪಲಿ ಹುಡುಕತೊಡಗಿದ. ಗುಲಾಬಬಿ ಗಂಡನ ಕಡೆ ನೋಡಿದ ನೋಟಕ್ಕಿಂತ ಲಸಿಕೆಯ ಸೂಜಿಯೇ ವಾಸಿ.

"ಏನಂದ್ಲವಾ ಮೇಡಮ್ಮ?" ಎಂದು ಚಪ್ಪಾಳೆ ನಿಂತದ್ದಕ್ಕೆ ಎಚ್ಚರಾದ ದೇವವ್ವ ಕೇಳಿದಳು.

ಅಬ್ದುಲಗನಿ ಎದ್ದರು. "ಆತು ಮಕ್ತುಮಸಾಬ. ನಿನ್ನ ಹೆಸರು ಕಿವಿಯಾರ ಕೇಳಿದೆ. ಬೀಗತನದ ಮಾತ ಇಲ್ಲಿಗೇ ಮುಗೀತು. ಇಂಥಾ ಊರ ನೀರೂ ನಮಗ ಬ್ಯಾಡ."

"ಬೀಗರ, ನನಗ ಗೊತ್ತಿರಲಿಲ್ರಿ! ಅಲ್ಲಾನ ಆಣಿ! ಯೋಜನಾ ಅಂತ ತಿಳಕೊಂಡೆ" ಎಂದು ಮಕ್ತುಮಸಾಬ ಕೈ ಮುಗಿದ. ಆಚೆ ರುಹಿ ಓಢಣಿಯ ತುದಿಯನ್ನು ಬಾಯಿಗೆ ಒತ್ತಿಕೊಂಡು ಅಳು ತಡೆಯುತ್ತಿದ್ದಳು. ಮಗಳ ಮುಖ ನೋಡಿ ತಂದೆಗೆ ತನ್ನ ಹೆಬ್ಬೆಟ್ಟನ್ನೇ ಕತ್ತರಿಸಿ ಒಗೆಯಬೇಕೆನಿಸಿತು. ಹೆಸರು ಬೇಕು ಅಂತ ಹೋಗಿ ಮಗಳ ಬಾಳಿಗೇ ಕಲ್ಲು ಹಾಕಿದೆನಲ್ಲ!

"ತಪ್ಪಾಗಿ ಒತ್ತಿದವರು ಇಲ್ಲೇ ಮತ್ತೊಮ್ಮೆ ಒತ್ತಿ ಬಂದ್ ಮಾಡಿಸಿಕೊಳ್ಳಬಹುದು" ಎಂದು ಮೇಡಂ ಮಷಿನನ್ನು ಮೇಜಿನ ಮೇಲೆ ಇಟ್ಟರು.

ಹೊರಟಿದ್ದ ಅಬ್ದುಲಗನಿ ಅಲ್ಲಿಗೇ ಹೊರಟುಹೋಗಿದ್ದರೆ ಚೆನ್ನಾಗಿತ್ತು. ಆದರೆ ತುಂಬಿದ ಪೆಂಡಾಲ, ಚಾಲೂ ಇರುವ ಮೈಕ್, ಕೈಗೆ ಸಿಕ್ಕ ತಪ್ಪಿತಸ್ಥ ಊರು. ಬುದ್ಧಿ ಹೇಳುವ ಚಟ ಇದ್ದವರಿಗೆ ಇದನ್ನು ಬಿಟ್ಟು ಹೋಗಲು ಆಗುತ್ತದೆಯೇ? ಅವರು ತಿರುಗಿ ಬಂದು ಮೈಕ್ ಹಿಡಿದರು.

"ನಾಚಿಕಿ ಬರಬೇಕು ನಿಮಗ! ನನ್ನ ಮನ್ಯಾಗ ಟೀವಿ ಸುದ್ದಾ ಇಲ್ಲ. ಇಂಥಾದ್ದು ನನ್ನ ಮೊಬೈಲನ್ಯಾಗ ಎಂದೆಂದೂ ಬ್ಯಾಡ ಅಂತ ಎಲ್ಲಾರಕಿಂತ ಮೊದಲ ನಾನ ಒತ್ತತೇನಿ. ನೋಡಿ ಕಲೀರಿ!"

ಎಂದವರೇ ಮೈಕನ್ನು ಮಷಿನಿನ ಬಾಯಿಗೆ ಹಿಡಿದು, ಎಲ್ಲರಿಗೂ ಕಾಣುವಂತೆ ಹೆಬ್ಬೆಟ್ಟು ಎತ್ತಿ ತೋರಿಸಿ ಒತ್ತಿದರು.

"ಅಭಿನಂದನೆಗಳು!" ಎಂದಳು ಮಷಿನಿನ ಹೆಣ್ಣುಮಗಳು, ಮೈಕಿನಲ್ಲಿ, ಶೇಂಗಾ ಹೊಲದವರೆಗೂ. "ನಿಮ್ಮ ಸೇವೆ ಮೊದಲೇ ಚಾಲೂ ಇದೆ. ಬಂದ್ ಮಾಡಲು ಮತ್ತೊಮ್ಮೆ ಒತ್ತಿರಿ."

ಅಬ್ದುಲಗನಿಯವರ ಹೆಬ್ಬೆಟ್ಟು ಮಷಿನಿಗೆ ಅಂಟಿದ್ದು ಅಂಟಿಕೊಂಡೇ ಉಳಿಯಿತು. ಮೇಡಂ ಬಗ್ಗಿ ಪರದೆ ನೋಡಿ, ತಮಗೇ ಅನ್ನುವಂತೆ, "ಮುಂಡರಗಿಯಲ್ಲಿ ಒತ್ತಿದ್ದೀರಿ. ಶಿರಹಟ್ಟಿಯವರು ಮುಂಡರಗಿ ತನಕ ಯಾಕೆ ಹೋದಿರಿ?" ಎಂದರು. ಅದೂ ಮೈಕಿನಲ್ಲಿ ಹೋಯಿತು.

ಗುರುತಿನವರು ಇಲ್ಲದ ಊರಿಗೆ ಅಷ್ಟು ದೂರ ಬಸ್ಸು ಹತ್ತಿ ಯಾಕೆ ಹೋಗುತ್ತಾರೆ ಎಂಬುದನ್ನು ಅಡರಕಟ್ಟಿಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಉಡಚಪ್ಪ ನಗು ತಡೆಯಲು ಟವೆಲ್ಲನ್ನು ಬಾಯಿಗೆ ತುರುಕಿಕೊಂಡ. ಅಬ್ದುಲಗನಿಯವರ ಟೋಪಿಯ ಕೆಳಗಿಂದ ಬೆವರು ಇಳಿಯಿತು. ಕಬ್ಬಿಣ ಮಾರಿ ಗಟ್ಟಿಯಾಗಿದ್ದ ಮುಖ ಅರಳೆಯ ಹಾಗೆ ಬೆಳ್ಳಗಾಗಿತ್ತು.

ಹುಟ್ಟಿದಂದಿನಿಂದ ಎಲ್ಲವನ್ನೂ ತಡವಾಗಿ ತಿಳಿದುಕೊಂಡು ಬಂದಿದ್ದ ಮಕ್ತುಮಸಾಬನಿಗೆ ಆ ಹೊತ್ತಿನಲ್ಲಿ ಮಾತ್ರ ಎಲ್ಲರಿಗಿಂತ ಮೊದಲು ತಿಳಿಯಿತು. ಬಾಯಿ ತೆರೆಯಲಿದ್ದ ಉಡಚಪ್ಪನ ಪಾದವನ್ನು ಗಟ್ಟಿಯಾಗಿ ತುಳಿದು, ಮೈಕ್ ಕಸಿದುಕೊಂಡ.

"ಅಯ್ಯ, ಬೀಗರ! ಮುಂಡರಗ್ಯಾಗೂ ನಿಮಗ ಯೋಜನಾ ಅಂತನ ಹೇಳಿದ್ರೇನ್ರಿ?"

ಅಬ್ದುಲಗನಿ ಅವನನ್ನೇ ನೋಡಿದರು. ಬಾವಿಗೆ ಬಿದ್ದವರಿಗೆ ಹಗ್ಗ ಸಿಕ್ಕಿತ್ತು.

"ಹೌ… ಹೌದ್ರಿ! ಯೋಜನಾ ಅಂತನ ಹೇಳಿದ್ರು! ಕಬ್ಬಿಣದ ವ್ಯಾಪಾರಸ್ಥರಿಗೆ ಅಂತ ಹೇಳಿದ್ರು!"

"ಕೇಳಿದ್ರೇನ್ರಿ ಮೇಡಂ ಅವರ? ಇಂಥಾ ತಿಳಿವಳಿಕಿ ಇದ್ದವರ ಒತ್ತಿ ಬಂದಾರ ಅಂದಮ್ಯಾಲೆ ನಮ್ಮ ಅಡರಕಟ್ಟಿ ಮಂದೀದು ಏನ ತಪ್ಪು?"

"ಏನೂ ತಪ್ಪಿಲ್ಲ! ಒಂದೀಟೂ ತಪ್ಪಿಲ್ಲ!" ಎಂದು ಅಬ್ದುಲಗನಿ ಎಲ್ಲರಿಗಿಂತ ಜೋರಾಗಿ ಕೂಗಿದರು. "ಊರಂದ್ರ ಇಂಥಾ ಊರಿರಬೇಕು! ಎಲ್ಲಾರೂ ಕೂಡಿ ಹಗಲಾಗ ಬಂದು ಒತ್ತೀರಿ, ಮನಸಿನ್ಯಾಗ ಹೊಲಸಿಲ್ಲ!"

"ಹಂಗಾರ ಬೀಗತನದ ಮಾತು, ಮುಂದುವರಸೋಣೇನ್ರಿ?"

"ಮುಂದುವರಸೋದೇನ ಬಂತ್ರಿ, ಇವತ್ತ ಮುಗಿಸೇಬಿಡೋಣ. ತಾರೀಖ ನೀವ ಹೇಳ್ರಿ ಮಕ್ತುಮಸಾಬರ" ಎಂದು ಅಬ್ದುಲಗನಿ ಅವನ ಎರಡೂ ಕೈ ಹಿಡಿದುಕೊಂಡರು. ಕೈಗಳು ಒದ್ದೆಯಾಗಿದ್ದವು. ಅತ್ತ ರುಹಿ ಅಳುತ್ತಲೇ ನಕ್ಕುಬಿಟ್ಟಳು, ಗುಲಾಬಬಿ ಗಂಡನ ಕಡೆ ಎರಡನೆಯ ಸಲ ನೋಡಿದಾಗ ಆ ನೋಟದಲ್ಲಿ ಸೂಜಿ ಇರಲಿಲ್ಲ.

ಬಂದ್ ಮಾಡಿಸಲು ಸಾಲು ಹತ್ತಿತು. ಎಲ್ಲರೂ ಲಗುಬಗೆಯಿಂದ ಒತ್ತಿ ಹೋದರು. ಉಡಚಪ್ಪನ ಹೆಬ್ಬೆಟ್ಟು ಮಾತ್ರ ಮಷಿನಿನ ಹತ್ತಿರ ಬಂದು ಸ್ವಲ್ಪ ವಿಚಾರ ಮಾಡಿತು. ಹನಮಂತವ್ವ ಅದನ್ನು ಹಿಡಿದು ಒತ್ತಿಸಿದಳು. ಉಳಿದವಳು ದೇವವ್ವ. ಎಣ್ಣೆ ಹಚ್ಚಿದರು, ತಿಕ್ಕಿದರು, ಬಲಗೈ ಆಯಿತು, ಎಡಗೈ ಆಯಿತು. ಮಷಿನ್ ಹುಂ ಅನ್ನಲಿಲ್ಲ. "ಬಟನ್ ಮೊಬೈಲ್ ತಾನೇ, ಹೋಗಲಿ ಬಿಡಿ" ಎಂದು ಮೇಡಂ ಜೀಪು ಹತ್ತಿದರು. ಹೀಗೆ ಇಡೀ ಅಡರಕಟ್ಟಿಯಲ್ಲಿ ಅದು ಚಾಲೂ ಉಳಿದದ್ದು ದೇವವ್ವಳಿಗೆ ಒಬ್ಬಳಿಗೇ.

ಮರುದಿನದಿಂದ ದೇವವ್ವ ಮಕ್ತುಮಸಾಬನ ಅಂಗಡಿಗೆ ಬಂದು ಕೂರತೊಡಗಿದಳು.

"ಎಲ್ಲಾರೂ ಬಂದ ಮಾಡಿಸಿದ್ರಂತ. ನಂದ ಚಾಲೂ ಐತಂತಲ್ಲೋ? ಮತ್ತ ಯಾವಾಗ ಬರತೈತಿ?"

"ಏನು ಆಯಿ?"

"ಅದೇ. ಏನದು, ನೀನ ಹೇಳು. ಏನ ಕೊಡ್ತಾರ?"

ಕಿವಿ ಮಂದ ಇರುವ ಮುದುಕಿಗೆ, ತಾಯಿಯ ಸಮಾನಳಿಗೆ, ಅದನ್ನು ಕೂಗಿ ಹೇಳಬೇಕು. "ಅದ ಆಯಿ… ಅದು" ಎಂದು ಮಕ್ತುಮಸಾಬ ಅಂಗಡಿಯ ತೊಲೆ ನೋಡತೊಡಗಿದ. ಇಜಾಜ ಪಾಪ ಅಂದು ಯಾಕೆ ಫ್ಯಾನು ನೋಡಿದ ಎಂಬುದು ಅವನಿಗೆ ಆಗ ಹೊಳೆಯಿತು.

ಆಯಿ ದಿನಾ ಬರುವುದು ಬಿಡಲಿಲ್ಲ. ಮಕ್ತುಮಸಾಬ ರುಹಿಯ ಲಗ್ನದ ಗಾದಿಗೆಂದು ಹಿಂಜುತ್ತಿದ್ದ ಅರಳೆಯಲ್ಲಿ ಒಳ್ಳೆಯದನ್ನೇ ಒಂದಿಷ್ಟು ತೆಗೆದಿಟ್ಟು, ಹೂವಿನ ಬಟ್ಟೆ ಹಾಕಿ, ಮೆತ್ತನೆಯ ಒಂದು ಗಾದಿ ಹೊಲಿದ. ಹೊತ್ತುಕೊಂಡು ಹೋಗಿ ದೇವವ್ವಳ ಚಾಪೆಯ ಮೇಲೆ ಹಾಸಿ, ಕಿವಿಯ ಹತ್ತಿರ ಬಾಯಿಟ್ಟು ಕೂಗಿದ: "ತಗೋ ಆಯಿ, ಬಂತು! ಇದ ಅದು!"

ದೇವವ್ವ ಗಾದಿಯನ್ನು ಎರಡೂ ಕೈಯಿಂದ ಸವರಿದಳು. "ಸರ್ಕಾರ ಸುಳ್ಳ ಹೇಳಲಿಲ್ಲ ನೋಡಪಾ" ಎಂದು ಕಣ್ಣೊರೆಸಿಕೊಂಡಳು.

ನಿಕಾ ಶಿರಹಟ್ಟಿಯಲ್ಲಿ ಸಂಭ್ರಮದಿಂದ ಆಯಿತು. ಊಟದ ಹೊತ್ತಿಗೆ ದೇವವ್ವ ಬೀಗರ ಕಡೆಯ ಹೆಣ್ಣುಮಕ್ಕಳ ನಡುವೆ ಕೂತು, ಕಿವಿ ಮಂದ ಇದ್ದವರ ದೊಡ್ಡ ದನಿಯಲ್ಲಿ ಹೇಳುತ್ತಿದ್ದಳು: "ನಮ್ಮೂರ ಮಂದೆಲ್ಲಾ ಅಂಜಿ ಅದನ್ನ ಬಂದ ಮಾಡಿಸಿಬಿಟ್ರವಾ. ನಾ ಬಿಡಲಿಲ್ಲ. ಈಗ ದಿನಾ ಅದರ ಮ್ಯಾಲೆ ಎಷ್ಟ ಆರಾಮ ಅಂತೀರಿ!"

ಶರಬತ್ತಿನ ಗ್ಲಾಸು ಹಿಡಿದು ಅತ್ತ ಹೊರಟಿದ್ದ ಅಬ್ದುಲಗನಿಯವರನ್ನು ಕಂಡು ಆಕೆ ಕೈ ಮಾಡಿ ಕರೆದಳು.

"ಹೌದೇನ್ರೀ ಯಪ್ಪಾ, ನಿಮಗೂ ಮುಂಡರಗ್ಯಾಗ ಹತ್ತಿತ್ತಂತಲ್ಲ? ಯಾಕ ಬಿಟ್ಟಕೊಟ್ರಿ? ಭಾಳ ಮೆತ್ತಗ ಇರತೈತ್ರಿ!"

ಶರಬತ್ತು ಅಬ್ದುಲಗನಿಯವರ ಮೂಗಿಗೆ ಹತ್ತಿತು. ಮಕ್ತುಮಸಾಬ ಓಡಿ ಬಂದು ಅವರ ಬೆನ್ನು ತಿಕ್ಕುತ್ತ, "ಸಮಾಧಾನ ಬೀಗರ, ಸಮಾಧಾನ. ಮುಂದಿನ ವಾರ ನಿಮಗೂ ಒಂದು ಹೊಲಿದು ಕಳಸ್ತೇನಿ" ಎಂದ.